ನಮ್ಮ ಊಟ, ನಾಯಿಯ ಊಟ

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿಯೊಂದಿದೆ. ತೂಕ 10 ಕಿಲೋಗ್ರಾಂ. ತಳಿ ಇಂಥದೆಂದು ಹೇಳುವಂತಿಲ್ಲ. ಕಳೆದ ವರ್ಷದ ಒಂದು ಭಾನುವಾರ ನಮ್ಮಲ್ಲಿ ಈರುಳ್ಳಿ ಹುಳಿಯ ಅಡಿಗೆ. ಊಟಕ್ಕೆ ಬರಬೇಕಾಗಿದ್ದ ನಂಟರು ಬರಲಿಲ್ಲ. ಮಿಕ್ಕ ಹುಳಿಯನ್ನು ನಮ್ಮ ತಾಯಿಯವರು ಮುದ್ದೆಯೊಡನೆ ಕಲಸಿ ಮೋತಿಗೆ ಹಾಕಿದರು. ಅದು ತಟ್ಟೆಯನ್ನು ನೆಕ್ಕಿ ಬರಿದುಮಾಡಿತು. ನಾಲ್ಕನೆಯ ದಿನ ನಾನು ಕಾಲೇಜಿನಿಂದ ಬಂದಾಗ ಅದು ಬಾಗಿಲಿಗೆ ಓಡಿ ಬರಲಿಲ್ಲ. ಅದರ ವಸಡು ಬಿಳಿಚಿಕೊಂಡಿತ್ತು; ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಂದುಬಣ್ಣಕ್ಕೆ ತಿರುಗಿತ್ತು.

ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ, "ಏನಮ್ಮಾ, ನಾಲ್ಕೈದು ದಿನಗಳ ಹಿಂದೆ ಇದಕ್ಕೆ ಏನು ಹಾಕಿದಿರಿ?" ಎಂದು ಕೇಳಿದರು.

"ನಾವು ತಿಂದದ್ದನ್ನೇ ಹಾಕಿದೆವು, ಡಾಕ್ಟರೆ. ಬೇರೆ ಏನನ್ನೂ ಹಾಕಲಿಲ್ಲ" ಎಂದರು ತಾಯಿಯವರು.

ಆಪತ್ತಿಗೆ ಮೂಲ ಆ ಮಾತಿನಲ್ಲಿಯೇ ಇತ್ತು. ನಮಗೆ ಒಗ್ಗಿದ್ದು ನಮ್ಮ ಜೊತೆಯ ಪ್ರಾಣಿಗೂ ಒಗ್ಗಬೇಕೆಂಬ ನಿಯಮವೇನೂ ಪ್ರಕೃತಿಯಲ್ಲಿಲ್ಲ. ಏಕೆಂಬುದನ್ನು ಇಲ್ಲಿ ವಿಚಾರಮಾಡೋಣ.

ಈರುಳ್ಳಿ ಮಾಡುವ ಕೇಡು

ರಕ್ತದ ಕೆಂಪುಕಣಗಳಲ್ಲಿರುವ ಹೀಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೆ ಒಯ್ಯುತ್ತದೆಯಷ್ಟೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಗಂಧಕದ ಕೆಲವು ಸಂಯುಕ್ತಗಳಿವೆ. ಒಗ್ಗರಣೆಯ ಘಮಘಮಕ್ಕೆ ಅವೇ ಕಾರಣ. ನಾಯಿಯ ದೇಹದಲ್ಲಿ ಇವು ಹೀಮೋಗ್ಲೋಬಿನ್ನನ್ನು ಉತ್ಕರ್ಷಿಸುತ್ತವೆ. ಕೆಟ್ಟುಹೋದ ಹೀಮೋಗ್ಲೋಬಿನ್ ಗಂಟುಕಟ್ಟಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ಈ ಗಂಟುಗಳಿಗೆ ಹೈನ್ಸ್ ಕಾಯಗಳೆಂದು ಹೆಸರು. ಇಂಥ ಕಣಗಳು ಬೇಗನೆ ಒಡೆದು ನಾಶವಾಗುತ್ತವೆ. ನಾಯಿಗೆ ರಕ್ತಹೀನತೆ ಉಂಟಾಗುತ್ತದೆ. ಇದನ್ನು ತಡೆಯುವ ಶಕ್ತಿ ಮನುಷ್ಯನ ಕೆಂಪುಕಣಗಳಿಗೆ ಇರುವಷ್ಟು ನಾಯಿಯ ಕಣಗಳಿಗಿಲ್ಲ.

ಬೇಯಿಸುವುದರಿಂದಾಗಲಿ ಹುರಿಯುವುದರಿಂದಾಗಲಿ ಈ ವಿಷ ಹೋಗುವುದಿಲ್ಲ. ಒಣಗಿಸಿದ ಪುಡಿಯಲ್ಲಿ ಅದು ಇನ್ನೂ ಸಾಂದ್ರವಾಗಿರುತ್ತದೆ. ದೇಹತೂಕದ ಸಾವಿರದಲ್ಲಿ ಐದು ಪಾಲಿಗಿಂತ ಹೆಚ್ಚು ಈರುಳ್ಳಿಯನ್ನು ಒಂದೇ ಸಲಕ್ಕೆ ತಿಂದರೆ ಅಪಾಯವೆಂದು ಪಶುವೈದ್ಯಶಾಸ್ತ್ರವು ಹೇಳುತ್ತದೆ. 10 ಕಿಲೋಗ್ರಾಂ ನಾಯಿಗೆ ಇದು 50 ಗ್ರಾಂ, ಎಂದರೆ ಒಂದು ಸಾಧಾರಣ ಗಾತ್ರದ ಗೆಡ್ಡೆ ಮಾತ್ರ. ಲಕ್ಷಣಗಳು ಹಲವು ದಿನ ತಡೆದು ಕಾಣಿಸಿಕೊಳ್ಳುವುದರಿಂದ ಕಾರಣವು ಮನೆಯವರಿಗೆ ಹೊಳೆಯುವುದೇ ಇಲ್ಲ.

ಅರ್ಧಾಯುವಿನ ಲೆಕ್ಕ

ವಿಕಿರಣಶೀಲ ವಸ್ತುಗಳ ಅರ್ಧಾಯುವನ್ನು ಕುರಿತು ವಿದ್ಯಾರ್ಥಿಗಳು ಓದಿರುತ್ತಾರೆ. ಇರುವುದರಲ್ಲಿ ಅರ್ಧ ಕಳೆಯಲು ಬೇಕಾಗುವ ಕಾಲವೇ ಅರ್ಧಾಯು. ದೇಹವು ಒಂದು ರಾಸಾಯನಿಕವನ್ನು ಹೊರಹಾಕುವ ಕ್ರಮವೂ ಅನೇಕ ವೇಳೆ ಇದೇ ನಿಯಮಕ್ಕೆ ಒಳಪಟ್ಟಿದೆ. ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್ ಎಂಬ ವಸ್ತುವಿದೆ. ಅದು ಕಾಫಿಯ ಕೆಫೀನಿನ ದಾಯಾದಿ. ಅದರ ಅರ್ಧಾಯು ಮನುಷ್ಯನಲ್ಲಿ ಸುಮಾರು 8 ಗಂಟೆಯಾದರೆ ನಾಯಿಯಲ್ಲಿ ಸುಮಾರು 17.5 ಗಂಟೆ. ಲೆಕ್ಕ ಹಾಕಿ ನೋಡಿ: 24 ಗಂಟೆಗಳಾದ ಮೇಲೆ ನಮ್ಮಲ್ಲಿ ಉಳಿಯುವುದು ಎಂಟರಲ್ಲಿ ಒಂದು ಪಾಲು, ನಾಯಿಯಲ್ಲಿ ಐದರಲ್ಲಿ ಎರಡು ಪಾಲಿನಷ್ಟು. ಮರುದಿನ ಮಕ್ಕಳು ಇನ್ನೊಂದು ತುಂಡನ್ನು ಕೊಟ್ಟರೆ ಅದು ಹಳೆಯ ಬಾಕಿಯ ಮೇಲೆ ಸೇರುತ್ತದೆ.

ನಾಯಿಯ ತೂಕದ ಪ್ರತಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಥಿಯೋಬ್ರೋಮಿನ್ ಸೇರಿದರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50 ಮಿಲಿಗ್ರಾಂ ಆದರೆ ಎದೆಬಡಿತದ ಏರುಪೇರು. 60 ಆದರೆ ಸೆಳವು. ಹಾಲಿನ ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಇದು ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ಸುಮಾರು 5 ಮಿಲಿಗ್ರಾಂ ಇರುತ್ತದೆ. ಹಾಗಾದರೆ ಮೋತಿಯಂಥ ನಾಯಿಗೆ 100 ಗ್ರಾಂ ಹಾಲಿನ ಚಾಕೊಲೇಟು ಮಾಡುವ ಕೇಡನ್ನು 40 ಗ್ರಾಂ ಕಪ್ಪು ಚಾಕೊಲೇಟು ಮಾಡಬಲ್ಲದು. ಕೋಕೋ ಪುಡಿಯಾದರೆ ಎರಡು ಮೂರು ಚಮಚ ಸಾಕು.

ದ್ರಾಕ್ಷಿ, ಹುಣಿಸೆ, ಸಕ್ಕರೆಯಿಲ್ಲದ ಸಿಹಿ

ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ತೋಟಗಳಲ್ಲಿ ಬೆಳೆಯುವ 'ಬೆಂಗಳೂರು ನೀಲಿ' ದ್ರಾಕ್ಷಿಯು ನಮ್ಮ ನಾಡಿಗೆ ಹೆಸರು ತಂದ ಹಣ್ಣು. ಆದರೆ ದ್ರಾಕ್ಷಿ ಹಣ್ಣು, ಒಣದ್ರಾಕ್ಷಿ ಇವೆರಡೂ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಇದಕ್ಕೆ ಕಾರಣ ಬಹುಕಾಲ ಒಗಟಾಗಿಯೇ ಇತ್ತು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಅಪರಾಧಿಯಾಗಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಹುಣಿಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲದಿಂದ ಬಂದುದು. ಹುಣಿಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಇಂಥದೇ ಹಾನಿ ಕಂಡುಬಂದಿದೆ. ಇಷ್ಟು ತಿಂದರೆ ಅಪಾಯವಿಲ್ಲವೆಂಬ ಮಿತಿಯು ನಿಶ್ಚಯವಾಗಿಲ್ಲದ ಕಾರಣ, ಹುಳಿ, ಗೊಜ್ಜು, ಪುಳಿಯೋಗರೆಗಳನ್ನು ನಾಯಿಗೆ ಹಾಕದಿರುವುದೇ ವಿವೇಕ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗೆ ಹೋಗಿಬರುವವರ ಕೈಚೀಲಗಳಲ್ಲಿ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಸಾಮಾನ್ಯ. ಅವುಗಳಲ್ಲಿ ಹಲವಕ್ಕೆ ಸಿಹಿ ಕೊಡುವುದು ಕ್ಸೈಲಿಟಾಲ್. ಮನುಷ್ಯನಿಗೆ ಇದರಿಂದ ಬಾಧೆಯಿಲ್ಲ. ನಾಯಿಯ ದೇಹವಾದರೋ ಇದನ್ನು ಸಕ್ಕರೆಯೆಂದೇ ಬಗೆದು ಮೋಸಹೋಗಿ, ಇನ್ಸುಲಿನ್ನನ್ನು ಒಮ್ಮೆಗೆ ಸುರಿಸುತ್ತದೆ. ರಕ್ತದಲ್ಲಿದ್ದ ನಿಜವಾದ ಸಕ್ಕರೆ ಥಟ್ಟನೆ ಕುಸಿಯುತ್ತದೆ. 10 ಕಿಲೋಗ್ರಾಂ ನಾಯಿಗೆ ಒಂದು ಗ್ರಾಮೇ ಅಪಾಯಕರ. ಪ್ರಮಾಣ ಹೆಚ್ಚಾದರೆ ಯಕೃತ್ತು ಸಹ ಕೆಡುತ್ತದೆ. ಕೈಚೀಲವನ್ನು ನೆಲದ ಮೇಲಿಡದಿರುವುದು ಇದಕ್ಕೆ ಸುಲಭವಾದ ತಡೆ.

ಹಾಗಾದರೆ ಏನು ಹಾಕಬೇಕು?

ನಾಯಿಯು ತೋಳನ ವಂಶದ್ದು. ಆದರೂ ಅದು ಮುದ್ದೆಯನ್ನು ಜೀರ್ಣಿಸಿಕೊಳ್ಳುತ್ತದೆ. ಇದಕ್ಕೆ ಕಾರಣವನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವದ ಜೀನು ತೋಳನಲ್ಲಿ ಎರಡು ಪ್ರತಿಗಳಿದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇವೆ. ಬೇಸಾಯಗಾರನ ಬಾಗಿಲಲ್ಲಿ ಸಾವಿರಾರು ವರ್ಷ ಕಾದು ಅದು ಗಳಿಸಿದ ಆಸ್ತಿಯಿದು. ಆದರೆ ಧಾನ್ಯಕ್ಕೆ ಒಗ್ಗಿದ ಮಾತ್ರಕ್ಕೆ ಒಗ್ಗರಣೆಗೂ ಒಗ್ಗಿತೆಂದು ಭಾವಿಸಲಾಗದು.

2025ರ ಜುಲೈಯಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದ ಸುಮಾರು 5,000 ಬೀದಿನಾಯಿಗಳಿಗೆ ಊಟ ಹಾಕುವ ಯೋಜನೆಗೆ ಟೆಂಡರು ಕರೆದಾಗ ಊರೆಲ್ಲ ಅದೇ ಚರ್ಚೆ. ಖರ್ಚಿನ ವಾದವನ್ನು ಇತರರಿಗೆ ಬಿಟ್ಟು ನಾವು ಅಡಿಗೆಯ ಪಟ್ಟಿಯನ್ನು ನೋಡೋಣ: ಕೋಳಿಮಾಂಸ, ಅಕ್ಕಿ, ತರಕಾರಿ, ಎಣ್ಣೆ, ಉಪ್ಪು, ಅರಿಸಿನ. ಒಂದು ಊಟದ ತೂಕ ಸುಮಾರು 367 ಗ್ರಾಂ, ಶಕ್ತಿ 750 ಕಿಲೋಕ್ಯಾಲರಿ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಹುಣಿಸೆಯಿಲ್ಲ.

ಮನೆಯಲ್ಲಿಯೂ ಅನ್ನ, ಮುದ್ದೆ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ, ಕುಂಬಳ, ಗಜ್ಜರಿ, ಹುರುಳಿಕಾಯಿಗಳನ್ನು ಮಸಾಲೆಯಿಲ್ಲದೆ ಕೊಡಬಹುದು. ಹಾಲಿನ ಸಕ್ಕರೆಯು ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಅರಗುವುದಿಲ್ಲ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುವುದರಿಂದ ಅದನ್ನು ಕೊಡಬಾರದು.

ನಾಯಿಯು ಅಪಾಯಕರವಾದುದನ್ನು ತಿಂದದ್ದು ತಿಳಿದರೆ ಲಕ್ಷಣಗಳಿಗಾಗಿ ಕಾಯಬಾರದು; ಉಪ್ಪುನೀರು ಕುಡಿಸಿ ವಾಂತಿಮಾಡಿಸಲೂ ಬಾರದು. ಏನನ್ನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತು, ನಾಯಿಯ ತೂಕವೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಕೂಡಲೇ ಪಶುವೈದ್ಯರಲ್ಲಿಗೆ ಹೋಗಬೇಕು.

ಮೋತಿ ಬದುಕಿತು. ಅದರ ವಸಡಿಗೆ ಕೆಂಪು ಮರಳಲು ಮೂರು ವಾರ ಹಿಡಿಯಿತು. ಈಗ ನಮ್ಮ ತಾಯಿಯವರು ಬೇಳೆ ಬೆಂದ ಕೂಡಲೇ, ಹುಣಿಸೆರಸ ಬೀಳುವ ಮೊದಲೇ, ಒಂದು ಸೌಟನ್ನು ಬೇರೆ ಪಾತ್ರೆಗೆ ತೆಗೆದಿಡುತ್ತಾರೆ. ಆಮೇಲೆ ಒಗ್ಗರಣೆಯ ವಾಸನೆಗೆ ಮೋತಿ ಎಷ್ಟೇ ಬಾಲವಾಡಿಸಿದರೂ ಅವರು ಅತ್ತ ತಿರುಗಿ ನೋಡುವುದಿಲ್ಲ.