ಮೇಳಕ್ಕೊಂದು ಹಳೆಯ ವ್ಯಾನು

ಬಯಲಾಟದ ಮೇಳಕ್ಕೆ ಕಿರೀಟ, ಭುಜಕೀರ್ತಿಗಳಷ್ಟೇ ಮುಖ್ಯವಾದುದು ಅವನ್ನು ಹೊರುವ ಗಾಡಿ. ಹಳೆಯ ವ್ಯಾನನ್ನು ಅರಸಿ ಹೊರಟ ಮೇಳದವರೊಡನೆ ನಾನೂ ಹೋಗಿದ್ದೆ. ಸಿಂಧನೂರಿನಲ್ಲಿ ಅಗ್ಗಕ್ಕೆ ದೊರೆತದ್ದು ಸರಕಿನ ಟೆಂಪೊ.

“ಹಿಂದ ಹನ್ನೆರಡು ಮಂದಿ ಕುಂತರಾತು ಬಿಡ್ರಿ ಸರ,” ಎಂದರು ಪೇಟಿ ಮಾಸ್ತರರು.

ನಾನು ಒಪ್ಪಲಿಲ್ಲ. ಸರಕಿನ ಗಾಡಿಯಲ್ಲಿ ಕುಳಿತ ಬರಿಯ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪಿತ್ತಿದೆ.

ಮಸ್ಕಿಯಲ್ಲಿ ಕಂಡ ವ್ಯಾನಿಗೆ ಹೊಸ ಬಣ್ಣ. ಅಡಿಯ ಚಾಸಿಗೆ ಬೆಸುಗೆಯ ತೇಪೆ. ಬಣ್ಣದ ಮರ್ಮ ವೇಷಧಾರಿಗಳಿಗೆ ತಿಳಿಯದೆ? ಲಿಂಗಸುಗೂರಿನದು ಮಾಸಿದ್ದರೂ ನೀಲಿ ಹೊಗೆ ಕಾರಲಿಲ್ಲ. 8 ವರ್ಷ ದಾಟಿದ ಬಾಡಿಗೆ ವಾಹನಕ್ಕೆ ವರ್ಷ ವರ್ಷವೂ ಎಫ್.ಸಿ. ಆಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದೆವು. ಸುಗ್ಗಿಯ ಆಟಗಳ ಗಳಿಕೆ ಸಾಲದೆ ಮದ್ದಳೆಯವರು ಮಡದಿಯ ಬೋರಮಾಳವನ್ನು ಒತ್ತೆಯಿಟ್ಟರು. ಮುಂಗಡ ಕೊಟ್ಟು ಬಂದೆವು.