ಜೀಬ್ರಾ ಮೀನಿನ ಒಡಲಲ್ಲಿ ಅಲೆಮಾರಿ ಅಕ್ಷರಗಳು

ಬೈಕುಲ್ಲಾ, ಮಜಗಾಂವ್ ಪರಿಸರದಲ್ಲಿ ನೆಲೆನಿಂತ ನಮ್ಮ ಕರಾವಳಿಯ ಕುಟುಂಬಗಳಿಗೆ ಮೀನು ಎಂದೊಡನೆ ನೆನಪಾಗುವುದು ಭಾವುಚಾ ಧಕ್ಕಾದ ಮುಂಜಾನೆಯ ಗದ್ದಲ, ಬಂಗುಡೆ, ಅಂಜಲ್, ಕಾಣೆ. ಈ ಲೇಖನದ ಮೀನು ಅಡುಗೆಮನೆಗೆ ಬರುವಂಥದಲ್ಲ. ಆದ್ದರಿಂದ ಮೀನು ತಿನ್ನದ ಮನೆಯವರೂ ನಿಶ್ಚಿಂತೆಯಿಂದ ಓದಬಹುದು. ಅದು ಬೆರಳುದ್ದವೂ ಇಲ್ಲದ, ಮೈಮೇಲೆ ನೀಲಿ ಪಟ್ಟೆಗಳುಳ್ಳ ಜೀಬ್ರಾ ಮೀನು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಮನೆಗಳ ಮಕ್ಕಳು ಇದನ್ನು ಚೆನ್ನಾಗಿ ಬಲ್ಲರು. ರೋಹು, ಕಾಟ್ಲಾಗಳ ದೂರದ ಬಂಧುವಾದ ಇದು ನಮ್ಮದೇ ಉಪಖಂಡದ ಹೊಳೆ, ಗದ್ದೆಗಳ ಜೀವಿ.

ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ, ಅಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ಸವಿವರವಾಗಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಆತ. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಆತ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಇದನ್ನು ವರ್ಣಿಸಿದ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಾಲಯಕ್ಕೆ ತಂದು ಬೆಳೆಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು. ನಮ್ಮ ಬೈಕುಲ್ಲಾದಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿಳಿದು, ಅಲ್ಲಿಂದ ಬಸ್ಸಿನಲ್ಲಿ ನೇವಿ ನಗರದತ್ತ ಸಾಗಿದರೆ ಸಿಗುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಈ ಮೀನಿನ ಭ್ರೂಣಗಳಲ್ಲಿ ಚರ್ಮ ರೂಪುಗೊಳ್ಳುವ ಬಗೆಯನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ.

ವಿಜ್ಞಾನಿಗಳಿಗೆ ಈ ಮೀನಿನ ಮೇಲೆ ಇಷ್ಟೊಂದು ಮೋಹವೇಕೆ? ಇದರ ಮೊಟ್ಟೆ ತಾಯಿಯ ಒಡಲ ಹೊರಗೆ ಬೆಳೆಯುತ್ತದೆ, ಭ್ರೂಣವು ಪಾರದರ್ಶಕ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯುವುದನ್ನು ಸೂಕ್ಷ್ಮದರ್ಶಕದಡಿ ಕಣ್ಣಾರೆ ಕಾಣಬಹುದು. ಒಂದೇ ದಿನದಲ್ಲಿ ಹೃದಯ ಮಿಡಿಯತೊಡಗುತ್ತದೆ, ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಇದರ ಡಿಎನ್‌ಎಯ ಪೂರ್ಣಪಾಠ, ಅಂದರೆ ಜೀನೋಮ್, 2013ರಲ್ಲಿ ಪ್ರಕಟವಾದಾಗ ಮನುಷ್ಯನ ಜೀನುಗಳಲ್ಲಿ ಸುಮಾರು 70 ಶೇಕಡಾದಷ್ಟಕ್ಕೆ ಈ ಪುಟ್ಟ ಮೀನಿನಲ್ಲಿ ಜೋಡಿಯುಂಟೆಂದು ತಿಳಿದುಬಂತು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಆ ಪಾಠದ ಅರ್ಧಕ್ಕಿಂತ ಹೆಚ್ಚು ಭಾಗ, 52 ಶೇಕಡಾ, ಮತ್ತೆ ಮತ್ತೆ ಬರುವ ಪುನರಾವರ್ತಿತ ತುಣುಕುಗಳು. ಅದರಲ್ಲಿ ಬಹುಪಾಲು, ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ಸಾಮರ್ಥ್ಯವನ್ನು ಈಗಲೋ ಹಿಂದೆಂದೋ ಪಡೆದಿದ್ದ ಅಲೆಮಾರಿ ಅಂಶಗಳು. ಇವುಗಳನ್ನು ಟ್ರಾನ್ಸ್‌ಪೋಸಾನ್ ಎನ್ನುತ್ತಾರೆ.

ಡಿಎನ್‌ಎಯ ತುಣುಕೊಂದು ಜಾಗ ಬಿಟ್ಟು ಹೋಗಬಲ್ಲದೆಂದು 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಬಣ್ಣ ನೋಡಿಯೇ ಕಂಡುಕೊಂಡವರು ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್. ಬಹುಕಾಲ ಆ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರ 81ನೆಯ ವಯಸ್ಸಿನಲ್ಲಿ.

ಈ ಅಲೆಮಾರಿಗಳಲ್ಲಿ ಎರಡು ಬಗೆ. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಇದನ್ನು ಅರಿಯುವುದು ಸುಲಭ. ಒಂದು ಬಗೆಯದು ಅಧಿಕಾರಿಯ ವರ್ಗಾವಣೆಯಂತೆ: ಇದ್ದ ಕುರ್ಚಿ ಖಾಲಿ ಮಾಡಿ ಇನ್ನೊಂದು ಊರಿನ ಕುರ್ಚಿಯಲ್ಲಿ ಕೂರುತ್ತದೆ. ತನ್ನನ್ನು ಕತ್ತರಿಸಿ ಬೇರೆಡೆ ಅಂಟಿಸಲು ಬೇಕಾದ ಪ್ರೋಟೀನಿನ ಕತ್ತರಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇನ್ನೊಂದು ಬಗೆಯದು ಹೊಸ ಶಾಖೆ ತೆರೆದಂತೆ: ಮೂಲವು ಇದ್ದಲ್ಲೇ ಇದ್ದು, ಅದರ ಪ್ರತಿಯೊಂದು ಬೇರೆಡೆ ನೆಲೆಗೊಳ್ಳುತ್ತದೆ. ಮನುಷ್ಯನಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಜೀಬ್ರಾ ಮೀನಿನ ಜೀನೋಮಿನಲ್ಲಾದರೋ 39 ಶೇಕಡಾ ಭಾಗ ಮೊದಲನೆಯ ಬಗೆಯದು. ನಮ್ಮಲ್ಲಿ ಅದು ಕೇವಲ 3 ಶೇಕಡಾದಷ್ಟು. ಎಲ್ಲ ಮೀನುಗಳೂ ಹೀಗೆಯೇ ಎಂದಲ್ಲ. 2002ರಲ್ಲಿ ಓದಲಾದ ಜಪಾನಿನ ಫುಗು ಮೀನಿನ ಜೀನೋಮ್ ಸುಮಾರು 40 ಕೋಟಿ ಅಕ್ಷರಗಳಷ್ಟೇ. ಅಲ್ಲಿ ಅಲೆಮಾರಿಗಳು ಬಹಳ ವಿರಳ. 2024ರಲ್ಲಿ ಪ್ರಕಟವಾದ ದಕ್ಷಿಣ ಅಮೆರಿಕದ ಶ್ವಾಸಕೋಶ ಮೀನಿನದು 9,100 ಕೋಟಿ, ಮನುಷ್ಯನದರ ಮೂವತ್ತು ಪಟ್ಟು. ಆ ಊದಿದ ಹೊತ್ತಗೆಯ ಬಹುಭಾಗ ಈ ಜಿಗಿಯುವ ತುಣುಕುಗಳ ಪ್ರತಿಗಳೇ.

ಇವು ಬೆಳೆಯುವ ಭ್ರೂಣದೊಳಗೆ ಏನು ಮಾಡುತ್ತವೆ ಎಂಬುದು ಇನ್ನೂ ಕುತೂಹಲಕಾರಿ. ಫಲಿತ ಮೊಟ್ಟೆಯ ಮೊದಲ ಮೂರು ಗಂಟೆಗಳ ಸಂಸಾರ ನಡೆಯುವುದು ತಾಯಿ ಕಟ್ಟಿಕೊಟ್ಟ ಬುತ್ತಿಯಿಂದ. ಆಮೇಲಷ್ಟೇ ಭ್ರೂಣದ ಸ್ವಂತ ಜೀನುಗಳು ಕಣ್ಣು ತೆರೆಯುತ್ತವೆ. ಆ ಹೊತ್ತಿಗೆ ಹಲವು ಅಲೆಮಾರಿ ಕುಟುಂಬಗಳೂ ಎಚ್ಚರಗೊಳ್ಳುತ್ತವೆ. ಅಚ್ಚರಿಯೆಂದರೆ, ಎಲ್ಲವೂ ಎಲ್ಲೆಡೆ ಗದ್ದಲವೆಬ್ಬಿಸುವುದಿಲ್ಲ. ಒಂದು ಕುಟುಂಬ ಒಂದು ಬಗೆಯ ಕೋಶಗಳಲ್ಲಿ, ಮತ್ತೊಂದು ಬೇರೆ ಬಗೆಯವುಗಳಲ್ಲಿ, ಗೊತ್ತಾದ ಹೊತ್ತಿನಲ್ಲಿ ಸಕ್ರಿಯವಾಗುತ್ತದೆ. ಹೊಟ್ಟೆಯ ಒಳಪದರ, ಸ್ನಾಯು ಮುಂತಾದವುಗಳಿಗೆ ಮೂಲವಾಗುವ ಕೋಶಗಳಲ್ಲಿ ಎಚ್ಚರಗೊಳ್ಳುವ ಅಂಥ ಒಂದಕ್ಕೆ 1999ರಲ್ಲಿ ಯೂರೋಪಿನ ಸಂಶೋಧಕರು ಇಟ್ಟ ಹೆಸರು 'ಭಿಖಾರಿ'! ಮುಂಬಯಿಯಲ್ಲಿ ಬಾಳಿದ ನಮಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಮನೆಯ ಯಜಮಾನನಿಗೆಂದು ಹಚ್ಚಿದ ದೀಪದ ಬೆಳಕಿನಲ್ಲೇ ತನ್ನ ಕೆಲಸವನ್ನೂ ಮಾಡಿಕೊಳ್ಳುವ ಜಾಣ್ಮೆ ಇದರದು. ಭ್ರೂಣವು ತನ್ನ ಬೆಳವಣಿಗೆಗಾಗಿ ಕಳುಹಿಸುವ ಸಂಕೇತಕ್ಕೇ ಇದೂ ಓಗೊಡುತ್ತದೆ.

ಆದರೆ ಲಂಗುಲಗಾಮಿಲ್ಲದೆ ಜಿಗಿದರೆ ಅನರ್ಥ. ಅವಶ್ಯಕವಾದ ಜೀನಿನ ನಡುವೆ ಹೋಗಿ ಕುಳಿತರೆ ಆ ಜೀನು ಕೆಡುತ್ತದೆ. ಅದಕ್ಕೆಂದೇ ಜೀವಕೋಶಗಳು ಕಾವಲಿಟ್ಟಿವೆ. ಒಂದು ಕಾವಲು, ಡಿಎನ್‌ಎಯ ಮೇಲೆ ರಾಸಾಯನಿಕ ಮುದ್ರೆಯೊತ್ತಿ ಆ ಭಾಗವನ್ನು ಮೌನವಾಗಿಸುವುದು. ಇನ್ನೊಂದು, ಮುಂದಿನ ಪೀಳಿಗೆಯ ಬೀಜವನ್ನು ಹೊತ್ತ ಕೋಶಗಳಲ್ಲಿರುವ ಪಿವಿ ಎಂಬ ಪ್ರೋಟೀನುಗಳು. ಅಲೆಮಾರಿಗಳ ಚಹರೆಯನ್ನು ಚಿಕ್ಕ ಆರ್‌ಎನ್‌ಎ ಎಳೆಗಳಲ್ಲಿ ದಾಖಲಿಸಿಟ್ಟುಕೊಂಡು ಅವನ್ನು ಗುರುತು ಹಿಡಿದು ಅಡಗಿಸುತ್ತವೆ. ಈ ಕಾವಲುಗಾರನನ್ನು ತೆಗೆದುಹಾಕಿದ ಜೀಬ್ರಾ ಮೀನುಗಳಲ್ಲಿ ಬೀಜಕೋಶಗಳೇ ಸತ್ತುಹೋಗಿ, ಮೀನುಗಳೆಲ್ಲ ಸಂತಾನಹೀನ ಗಂಡುಗಳಾದವೆಂದು 2007ರ ಅಧ್ಯಯನವೊಂದು ತೋರಿಸಿತು.

ಮೀನಿನ ಅಲೆಮಾರಿಯನ್ನು ಮನುಷ್ಯ ತನ್ನ ಕೆಲಸಕ್ಕೆ ಹಚ್ಚಿದ ಕಥೆ ಎರಡು ಕವಲುಗಳದು. ಜಪಾನಿನ ಗದ್ದೆಗಳ ಮೆದಾಕಾ ಮೀನಿನಲ್ಲಿ ಬಣ್ಣಗೇಡಿ ಬಿಳಿ ತಳಿಯೊಂದಿತ್ತು. ಬಣ್ಣದ ಜೀನಿನೊಳಗೆ ಒಂದು ಟ್ರಾನ್ಸ್‌ಪೋಸಾನ್ ಹೊಕ್ಕಿದ್ದೇ ಅದಕ್ಕೆ ಕಾರಣವೆಂದು 1996ರಲ್ಲಿ ಅಕಿಹಿಕೊ ಕೊಗಾ ಮತ್ತವರ ಸಂಗಡಿಗರು ಪ್ರಕಟಿಸಿದರು. ಟಾಲ್-2 ಎಂಬ ಇದು ಇನ್ನೂ ಜೀವಂತವಾಗಿ ಜಿಗಿಯುವಂಥದು. ಕೊಯಿಚಿ ಕವಕಾಮಿ ಇದನ್ನು ಜೀಬ್ರಾ ಮೀನಿಗೆ ಒಗ್ಗಿಸಿದರು. ಇಂದು ಹೊಳೆಯುವ ಹಸಿರು ಪ್ರೋಟೀನಿನ ಜೀನನ್ನು ಇದರ ಬೆನ್ನಿಗೆ ಕಟ್ಟಿ ಮೊಟ್ಟೆಗೆ ಚುಚ್ಚಿದರೆ, ಹೃದಯವೋ ನರವೋ ಹಸಿರಾಗಿ ಮಿನುಗುವ ಮರಿಗಳನ್ನು ಪಡೆಯಬಹುದು.

ಎರಡನೆಯದು ಇನ್ನೂ ಸೋಜಿಗ. ಸಾಲ್ಮನ್ ಜಾತಿಯ ಮೀನುಗಳಲ್ಲಿದ್ದ ಒಂದು ಟ್ರಾನ್ಸ್‌ಪೋಸಾನ್ ಕೋಟಿ ವರ್ಷಗಳಿಗೂ ಹಿಂದೆಯೇ ಸತ್ತು ಮಲಗಿತ್ತು. ಉಳಿದಿದ್ದವು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಕೆಟ್ಟುಹೋದ ಪ್ರತಿಗಳು. ಹುಳು ತಿಂದ ಹಲವು ತಾಳೆಗರಿಗಳನ್ನು ಪಕ್ಕಪಕ್ಕ ಇಟ್ಟು, ಪಾಠಾಂತರಗಳನ್ನು ತೂಗಿನೋಡಿ ಕವಿಯ ಮೂಲಪಾಠವನ್ನು ಕಟ್ಟುವ ವಿಧಾನವನ್ನು ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ'ಯಲ್ಲಿ ನಮಗೆ ತಿಳಿಸಿಕೊಟ್ಟಿಲ್ಲವೇ, ಹೆಚ್ಚುಕಡಿಮೆ ಅದೇ ಕೆಲಸವನ್ನು ಜೋಲ್ತಾನ್ ಇವಿಚ್, ಜುಜಾನ್ನಾ ಇಜ್ವಾಕ್, ಪೆರ್ರಿ ಹ್ಯಾಕೆಟ್ ಮತ್ತು ಸಂಗಡಿಗರು ಮಾಡಿದರು. 1997ರಲ್ಲಿ ಸತ್ತ ತುಣುಕು ಎದ್ದು ಮನುಷ್ಯನ ಜೀವಕೋಶದಲ್ಲೂ ಜಿಗಿಯಿತು. ನಿದ್ರಿಸುವ ರಾಜಕುಮಾರಿಯ ಕಥೆಯನ್ನು ನೆನೆದು ಅದಕ್ಕೆ 'ಸ್ಲೀಪಿಂಗ್ ಬ್ಯೂಟಿ' ಎಂದು ಹೆಸರಿಟ್ಟರು.

ಇದು ನಮ್ಮ ಮನೆಗಳಿಗೂ ಸಂಬಂಧಿಸಿದ ವಿಷಯವಾಗುವುದು ಇಲ್ಲಿಯೇ. ಕೆಲವು ರಕ್ತದ ಕ್ಯಾನ್ಸರುಗಳಿಗೆ ರೋಗಿಯದೇ ಬಿಳಿ ರಕ್ತಕೋಶಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಜೀನನ್ನು ಅವುಗಳಿಗೆ ಸೇರಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಈಗ ಭಾರತದಲ್ಲೂ ಇದೆ. ಐಐಟಿ ಬಾಂಬೆ ಹಾಗೂ ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಲ್ಲಿ ರೂಪುಗೊಂಡ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅಲ್ಲಿ ಜೀನನ್ನು ಹೊತ್ತೊಯ್ಯುವುದು ಪಳಗಿಸಿದ ವೈರಸ್. ಅಂಥ ವೈರಸ್ಸಿನ ತಯಾರಿಕೆ ದುಬಾರಿ. ಅದರ ಬದಲು ಸ್ಲೀಪಿಂಗ್ ಬ್ಯೂಟಿಯನ್ನು ಬಳಸಿದರೆ ಖರ್ಚು ತಗ್ಗೀತೆಂಬ ಆಸೆ ಹಲವರಿಗಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 26 ರೋಗಿಗಳಿಗೆ ಹೀಗೆ ಸಿದ್ಧಪಡಿಸಿದ ಕೋಶಗಳನ್ನು ಕೊಟ್ಟ ಫಲಿತಾಂಶ 2016ರಲ್ಲೇ ಪ್ರಕಟವಾಗಿದೆ.

ಆಸೆಯ ಜೊತೆಗೆ ಅಂಜಿಕೆಯೂ ಇರಬೇಕಾದದ್ದೇ. ಪತಂಗವೊಂದರಿಂದ ಪಡೆದ ಪಿಗ್ಗಿಬ್ಯಾಕ್ ಎಂಬ ಬೇರೊಂದು ಟ್ರಾನ್ಸ್‌ಪೋಸಾನನ್ನು ಆಸ್ಟ್ರೇಲಿಯಾದಲ್ಲಿ ಇದೇ ಉದ್ದೇಶಕ್ಕೆ ಬಳಸಿದಾಗ, ಇಬ್ಬರು ರೋಗಿಗಳಲ್ಲಿ ಆ ಚಿಕಿತ್ಸೆಯ ಕೋಶಗಳೇ ಕ್ಯಾನ್ಸರಾಗಿ ಬೆಳೆದುದು 2021ರಲ್ಲಿ ವರದಿಯಾಯಿತು. ವೈರಸ್ಸಿನಿಂದಾಗಲಿ ಟ್ರಾನ್ಸ್‌ಪೋಸಾನಿನಿಂದಾಗಲಿ, ಹೊಸ ಜೀನು ಜೀನೋಮಿನ ಯಾವ ಪುಟದಲ್ಲಿ ಹೋಗಿ ಕೂರುವುದೆಂದು ಮುಂಗಡವಾಗಿ ಹೇಳಲಾಗದು. ಈ ಕಾರಣಕ್ಕೇ ಇಂಥ ಚಿಕಿತ್ಸೆ ಪಡೆದವರ ಮೇಲೆ 15 ವರ್ಷಗಳವರೆಗೆ ನಿಗಾ ಇಡಬೇಕೆಂದು ಅಮೆರಿಕದ ಔಷಧ ನಿಯಂತ್ರಕರು ಸೂಚಿಸಿದ್ದಾರೆ.