ಅಂಟಿಕೊಂಡ ಪ್ಲುಟೋನಿಯಂ, ಅಳತೆಗೆ ಸಿಗದ ಅನುಮಾನ

1994ರಲ್ಲಿ ಜಪಾನಿನ ಟೋಕಾಯ್ ಪರಮಾಣು ಇಂಧನ ಕಾರ್ಖಾನೆಯ ಸುದ್ದಿ ಹೊರಬಿತ್ತು: ಸುಮಾರು 70 ಕೆಜಿ ಪ್ಲುಟೋನಿಯಂ ಯಂತ್ರಗಳ ಸಂದಿಯಲ್ಲಿ, ಗ್ಲೋವ್ ಬಾಕ್ಸ್ ಅನ್ನೋ ಮುಚ್ಚಿದ ಪೆಟ್ಟಿಗೆಗಳ ಒಳಗೋಡೆಯಲ್ಲಿ ಪುಡಿಯಾಗಿ ಅಂಟಿಕೊಂಡಿತ್ತು. ಇದಕ್ಕೆ ‘ಹೋಲ್ಡಪ್’ ಅಂತಾರೆ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕದಲ್ಲಿ ಒಂದು ಬಾಂಬಿಗೆ 8 ಕೆಜಿ ಸಾಕು.

ಇದನ್ನು ಅಳೆಯೋದು ಹೇಗೆ? ತಕ್ಕಡಿಗೆ ಹಾಕೋಕಾಗಲ್ಲ. ಹೊರಗೆ ನಿಂತು, ಪುಡಿಯಿಂದ ಬರೋ ನ್ಯೂಟ್ರಾನ್‌ಗಳನ್ನು ಎಣಿಸಿ ಅಂದಾಜು ಮಾಡ್ಬೇಕು. ಪುಡಿ ಎಲ್ಲಿ ಕೂತಿದೆ ಅನ್ನೋದು ಸರಿಯಾಗಿ ಗೊತ್ತಿಲ್ಲದಿದ್ರೆ ಅಂದಾಜೇ ತಪ್ಪುತ್ತೆ. ಟೋಕಾಯ್‌ನಲ್ಲಿ ಪೆಟ್ಟಿಗೆಗಳನ್ನು ಶುಚಿ ಮಾಡಿದ ಮೇಲೆ, 1996ರ ಹೊತ್ತಿಗೆ ಲೆಕ್ಕದ ವ್ಯತ್ಯಾಸ 10 ಕೆಜಿಗಿಂತ ಕೆಳಗಿಳಿಯಿತು.

ನನ್ನ ಪ್ರಕಾರ ಇದು ಬರೀ ಎಂಜಿನಿಯರುಗಳ ತಲೆನೋವಲ್ಲ. ‘ಕಳ್ಳತನ ಆಗಿಲ್ಲ’ ಅನ್ನೋ ಮಾತಿಗೆ ಅಳತೆಯೇ ಸಾಕ್ಷಿ. ಅಳತೆಯ ಅನಿಶ್ಚಿತತೆ 8 ಕೆಜಿ ದಾಟಿದರೆ, ಆ ಮಾತನ್ನು ನಾವು ನಂಬಬಹುದಷ್ಟೇ, ಪರೀಕ್ಷಿಸೋಕಾಗಲ್ಲ.